ಕಾಡಿನ ಸಸಿ ಮೇಯ್ದ ನಮ್ಮ ಗೌರಿ

ಸ್ನೇಹಿತರೇ, ಕೇಳಿ. ಇವತ್ತು ನಮ್ಮ ಹಸು ಗೌರಿ ಹಗ್ಗ ಕಿತ್ತುಕೊಂಡು ಹೋಗಿ ಅರಣ್ಯ ಇಲಾಖೆಯ ಸಸಿಗಳನ್ನು ಮೇಯ್ದುಬಿಟ್ಟಳು. ಗಾರ್ಡ್ ಅವಳನ್ನು ಹಿಡಿದು ಆಫೀಸಿನ ಮುಂದೆ ಕಟ್ಟಿಹಾಕಿದರು.

“ಸಾಹೇಬ್ರು ಬರೋವರ್ಗೂ ಬಿಡಂಗಿಲ್ಲ.”

“ಸಾರ್, ಹಾಲು ಕರೆಯೋ ಹೊತ್ತಾಯ್ತು. ಕೆಚ್ಚಲು ಬಾತ್ಕೊಂಡ್ರೆ ಹಸುನೇ ಹಾಳಾಗೋಗುತ್ತೆ!”

“ಇಲ್ಲೇ ಹಾಲು ಕರ್ಕೊಳಪ್ಪ, ಯಾರು ಬ್ಯಾಡ ಅಂದ್ರು?”

ಗೌರಿ ಹಾಲು ಕೊಡುವುದು ನನ್ನ ಹೆಂಡತಿಗೆ ಮಾತ್ರ. ಅವಳು ಬೈರಕೂರಿನ ತವರಿಗೆ ಹೋದಾಗಿನಿಂದ ನಾನು ಅವಳ ನೈಟಿ ತೊಟ್ಟೇ ಕರೆಯುತ್ತಿದ್ದೇನೆ. ಇದನ್ನು ಗಾರ್ಡಿಗೆ ಹೇಗೆ ಹೇಳಲಿ? ಹಾಗೇ ಕರೆಯಲು ಕೂತೆ, ಗೌರಿಯಿಂದ ಒದೆ ತಿಂದೆ. ಕೊನೆಗೆ ಮನೆಗೆ ಓಡಿ ನೈಟಿ ತಂದು ಅಂಗಿಯ ಮೇಲೇ ಹಾಕಿಕೊಂಡೆ. ಗೌರಿ ಸುಮ್ಮನೆ ನಿಂತಳು. ಗಾರ್ಡ್ ಮಾತ್ರ ನಿಲ್ಲಲಾಗದೆ ಗೋಡೆ ಹಿಡಿದು ನಕ್ಕರು. ಆಮೇಲೆ ಮೊಬೈಲ್ ಎತ್ತಿದರು.

“ಹಂಗೇ ಕೂತ್ಕೊ. ಹಸು ಜೊತೆ ಆರೋಪಿ ಫೋಟೋನೂ ಫೈಲ್‌ಗೆ ಹಾಕ್ಬೇಕು.”

“ಅಯ್ಯೋ, ನೈಟಿ ತೆಗೆದಾಕ್ತೀನಿ ಸಾರ್!”

“ತೆಗೆದ್ರೆ ಒದೀತದೆ, ನೋಡ್ಕೊ.”

ಸಾಹೇಬರು ಬಂದರು. ಅವರ ಕಾಗದವನ್ನು ನಾನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಸಹಿ ಹಾಕಿಸಿಕೊಂಡು, ದಂಡ ಕಟ್ಟಿಸಿಕೊಂಡು ಹಸುವನ್ನು ಬಿಟ್ಟರು. ಗೌರಿ ಮನೆಯಲ್ಲಿ ಮೆಲುಕು ಹಾಕುತ್ತಿದ್ದಾಳೆ. ನಾನು ಮಾತ್ರ ಸರ್ಕಾರಿ ಫೈಲಿನೊಳಗೆ ಹೂವಿನ ನೈಟಿಯಲ್ಲೇ ಕೂತಿದ್ದೇನೆ.