ತಾಯಕ್ಕ ಕೊಟ್ಟ ಬಿಳಿ ಇಲಿ

ತಾಯಕ್ಕನ ಬಲಗೈ ಬೆರಳುಗಳ ತುಂಬ ಎಳ್ಳಿನಷ್ಟು ಸಣ್ಣ ಗಾಯದ ಗುರುತುಗಳಿದ್ದವು. ಎಲ್ಲ ಇಲಿ ಕಚ್ಚಿದ್ದು. ನಾವು ಮಕ್ಕಳು ಒಂದನ್ನು ಮುಟ್ಟಿ "ಇದು ಯಾವಾಗ?" ಎಂದರೆ, "ಅದು ಹೊಸ್ದಾಗಿ ಬಂದಿತ್ತು ಪಾಪ, ಹೆದ್ರಿಕೊಂಡ್ಬಿಟ್ಟಿತ್ತು" ಎಂದು ಕಚ್ಚಿದ್ದರ ಪರವಾಗಿಯೇ ಮಾತಾಡುತ್ತಿದ್ದಳು.

ಎಪ್ಪತ್ತರ ದಶಕದ ಕೊನೆ. ಸುದ್ದಗುಂಟೆಪಾಳ್ಯದ ನಮ್ಮ ವಠಾರದಲ್ಲಿ ಅವಳದು ಒಂಟಿ ಸಂಸಾರ. ಪೂರ್ತಿ ಹೆಸರು ಚಿಕ್ಕತಾಯಮ್ಮ. ಔಷಧಿ ಪರೀಕ್ಷೆ ಮಾಡುವ ಒಂದು ಕಡೆ ಬಿಳಿ ಇಲಿಗಳಿಗೆ ತಿನ್ನಲು ಹಾಕಿ, ಗೂಡು ತೊಳೆಯುವ ಕೆಲಸ. ಬೇಕಾದದ್ದಕ್ಕಿಂತ ಹೆಚ್ಚು ಮರಿ ಹುಟ್ಟಿದರೆ ಅವನ್ನು ಸಾಯಿಸುವ ಔಷಧಿ ಹಾಕಿದ ಗಾಜಿನ ಜಾಡಿಗೆ ಬಿಟ್ಟು ಮುಚ್ಚಳ ಮುಚ್ಚಬೇಕಾದವಳೂ ಅವಳೇ. ಅದೊಂದು ಅವಳಿಗೆ ಆಗುತ್ತಿರಲಿಲ್ಲ. ಒಂದೆರಡನ್ನಾದರೂ ಊಟದ ಚೀಲದಲ್ಲಿ ಅಡಗಿಸಿ ತಂದು ನಮಗೆ ಕೊಡುತ್ತಿದ್ದಳು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ನನಗೂ ಒಂದು ಬಂತು. ಅಮ್ಮ ಹಣೆ ಚಚ್ಚಿಕೊಂಡಳು. "ಮನೇಲಿರೋ ಇಲಿಗೇ ಬೋನು ಇಟ್ಟು ಸಾಕಾಗಿದೆ, ಇನ್ನು ಇದನ್ನ ಬೇರೆ ಸಾಕ್ಬೇಕಾ?" ತಾಯಕ್ಕ ನಗುತ್ತಲೇ ಬಿಸ್ಕತ್ತಿನ ಡಬ್ಬಕ್ಕೆ ಮೊಳೆಯಿಂದ ತೂತು ಹೊಡೆದು, ಹಳೆಯ ಪಂಚೆಯ ಚೂರು ಹಾಸಿಕೊಟ್ಟಳು.

"ಬಾಲ ಹಿಡ್ದು ಎತ್ಬೇಡ ಪುಟ್ಟಿ. ಕೈ ಚಾಚ್ಕೊಂಡು ಸುಮ್ನೆ ಕೂತ್ಕೊ. ಅದಕ್ಕೆ ಇಷ್ಟ ಬಂದಾಗ ಬರುತ್ತೆ." ಆಮೇಲೆ ದನಿ ತಗ್ಗಿಸಿ, "ಎಲ್ಲಿಂದ ಬಂತು ಅಂತ ಯಾರಿಗೂ ಹೇಳ್ಬಾರ್ದು" ಎಂದಳು.

ಮೂರನೇ ದಿನ ಅದು ನನ್ನ ಅಂಗೈ ಹತ್ತಿತು. ಕಡಲೆಬೇಳೆಯನ್ನು ಎರಡೂ ಕೈಯಲ್ಲಿ ಹಿಡಿದು ತಿನ್ನುವುದನ್ನು ನೋಡುತ್ತ ನಾನು ಸ್ಕೂಲಿಗೆ ಹೊರಡುವುದನ್ನೇ ಮರೆಯುತ್ತಿದ್ದೆ. ಕೊನೆಗೊಂದು ದಿನ ಅದನ್ನು ಸ್ಕೂಲಿಗೇ ಒಯ್ದೆ. ಹುಡುಗಿಯರೆಲ್ಲ ಸುತ್ತ ಮುತ್ತಿದರು. "ಎಲ್ಲಿ ಸಿಕ್ತೇ?" ಎಂದು ಒಬ್ಬಳು ಕೇಳಿದಳು. ಜಂಬ ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಅವಳ ತಂದೆ ತಾಯಕ್ಕ ಕೆಲಸ ಮಾಡುವ ಕಡೆಯೇ ಅಧಿಕಾರಿಯಾಗಿದ್ದರೆಂಬುದು ನನಗೆ ಗೊತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಇಬ್ಬರು ತಂತಿಯ ಗೂಡು ಹಿಡಿದು ವಠಾರಕ್ಕೆ ಬಂದರು. ಜೊತೆಗೆ ತಾಯಕ್ಕ. ಮನೆಮನೆಗೂ ಅವಳನ್ನೇ ಮುಂದೆ ಬಿಟ್ಟುಕೊಂಡು ಇಲಿ ಹಿಡಿಸಿದರು. ಒಟ್ಟು ಏಳು ಸಿಕ್ಕವು. ನಮ್ಮ ಮನೆಯಲ್ಲಿ ಅವಳು ಡಬ್ಬದ ಮುಂದೆ ಕುಕ್ಕುರುಗಾಲಲ್ಲಿ ಕೂತು ಅಂಗೈ ಚಾಚಿದಳು. ಬರಬೇಡ, ಬರಬೇಡ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಅದು ಮೀಸೆ ಅಲ್ಲಾಡಿಸಿ, ಸೀದಾ ಅವಳ ಕೈಗೆ ನಡೆದುಹೋಯಿತು.

"ವಾಪಸ್ ಗೂಡಿಗೆ ಬಿಡ್ತಾರಾ ತಾಯಕ್ಕ?"

ಅವಳು ಮಕ್ಕಳಿಗೆ ಸುಳ್ಳು ಹೇಳುತ್ತಿರಲಿಲ್ಲ. "ಹೊರಗೋಗಿ ಬಂದಿರೋದನ್ನ ಒಳಗೆ ಸೇರಿಸ್ಕೊಳಲ್ಲ ಪುಟ್ಟಿ. ರೋಗ ತರುತ್ತೆ ಅಂತಾರೆ."

ಅವಳ ಕೆಲಸ ಹೋಯಿತು. ತಿಂಗಳೊಪ್ಪತ್ತಿನಲ್ಲಿ ಮನೆಯನ್ನೂ ಬಿಟ್ಟಳು. ಹೇಳಿದ್ದು ನಾನೆಂದು ನಾನು ಯಾರಿಗೂ ಹೇಳಲಿಲ್ಲ, ಅಮ್ಮನಿಗೂ.

ಆಮೇಲೆ ಅವಳನ್ನು ನೋಡಿದ್ದು ಒಂದೇ ಸಲ, ನಾನು ಪಿಯುಸಿ ಓದುವಾಗ, ಬೊಮ್ಮನಹಳ್ಳಿಯ ಬಸ್ ಸ್ಟಾಪಿನಲ್ಲಿ. ಬಟ್ಟೆ ಕಾರ್ಖಾನೆಯೊಂದರಲ್ಲಿ ಗುಂಡಿ ಹೊಲಿಯುತ್ತಿದ್ದಳು. ಕಣ್ಣು ಮಂಜಾಗಿದ್ದವು. ನನ್ನನ್ನು ದನಿಯಿಂದಲೇ ಗುರುತಿಸಿದಳು.

"ತಾಯಕ್ಕ, ಅವತ್ತು ಹೇಳಿದ್ದು ನಾನೇ."

"ಗೊತ್ತು. ಉಳಿದ ಮಕ್ಕಳೆಲ್ಲ ನನ್ ಸೆರಗು ಹಿಡ್ಕೊಂಡು ಅತ್ರು. ನೀನೊಬ್ಳೇ ನನ್ ಮುಖ ನೋಡ್ಲಿಲ್ಲ."

ಅವಳೇ ಮುಂದುವರಿಸಿದಳು: "ಬೇರೆಯವ್ರು ಹಿಡಿದ್ರೆ ಹೆದ್ರಿಕೊಳ್ತವೆ ಅಂತ, ಏಳನ್ನೂ ನಾನೇ ಜಾಡಿಗೆ ಬಿಟ್ಟೆ. ಯಾವುದೂ ಕಚ್ಚಲಿಲ್ಲ ಕಣೇ. ಒಂದಾದ್ರೂ ಕಚ್ಚಬಾರ್ದಾಗಿತ್ತಾ?"

ಬಸ್ಸು ಬಂತು. ಅವಳು ಕಂಬಿ ತಡಕಿ ಹಿಡಿದು ಹತ್ತಿದಳು. ಮುಂದಿನ ವಾರ ಕಾರ್ಖಾನೆ ಗೇಟಿನ ಹತ್ತಿರ ಕಾದೆ. ಕಣ್ಣು ಕಾಣದವಳನ್ನು ಇಟ್ಟುಕೊಂಡು ಏನು ಮಾಡುವುದೆಂದು ಕಳಿಸಿಬಿಟ್ಟರಂತೆ. ಎಲ್ಲಿಗೆ ಹೋದಳೆಂದು ಜೊತೆಯವರಿಗೂ ತಿಳಿದಿರಲಿಲ್ಲ.