ಆಗಲ್ಲಕ್ಕನ ಚೀಟಿ ಇಲ್ಲದೆ ಗಾಲಿ ಉರುಳದು

ಬೆಳಗಿನ ನಾಲ್ಕೂವರೆ. ಬಸ್ ಡಿಪೋದ ಅಂಗಳದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಸಾಲಾಗಿ ನಿಂತ ಬಸ್ಸುಗಳ ನಡುವಿನಿಂದ ಟಣ್, ಟಣ್ ಎಂಬ ಸದ್ದು ಬರುತ್ತಿದೆ. ಐವತ್ತೇಳು ವರ್ಷದ ಹೆಂಗಸೊಬ್ಬರು ಮೊಣಕಾಲೂರಿ, ಹಿಂದಿನ ಗಾಲಿಯ ಒಂದೊಂದು ನಟ್ಟಿಗೂ ಪುಟ್ಟ ಸುತ್ತಿಗೆಯಿಂದ ಬಡಿಯುತ್ತಿದ್ದಾರೆ. ಬಡಿದು, ತಲೆ ಓರೆ ಮಾಡಿ ಕೇಳುತ್ತಾರೆ. "ಬಿಗಿಯಾಗಿರೋದು ಗಟ್ಟಿಯಾಗಿ ಮಾತಾಡುತ್ತೆ. ಸಡಿಲ ಆಗಿರೋದು ನೆಗಡಿ ಆದವರ ಥರ ಮಾತಾಡುತ್ತೆ," ಅನ್ನುತ್ತಾರೆ.

ಆಮೇಲೆ ಬಸ್ಸಿನ ಕೆಳಗಿನ ಆಳುದ್ದದ ಗುಂಡಿಗೆ ಇಳಿಯುತ್ತಾರೆ. ಬಾಯಲ್ಲಿ ಟಾರ್ಚು, ಕೈಯಲ್ಲಿ ಸೋಪಿನ ನೀರಿನ ಡಬ್ಬಿ. ಬ್ರೇಕಿನ ಗಾಳಿ ಪೈಪಿಗೆ ನೊರೆ ಸವರಿ, ಟಾರ್ಚನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮೇಲಿರುವ ಡ್ರೈವರಿಗೆ ಕೂಗುತ್ತಾರೆ: "ಒತ್ತಣ್ಣ... ಬಿಡು. ಇನ್ನೊಂದ್ಸಲ ಒತ್ತು." ನೊರೆಯಲ್ಲಿ ಗುಳ್ಳೆ ಎದ್ದರೆ ಗಾಳಿ ಸೋರುತ್ತಿದೆ ಎಂದರ್ಥ. ಈ ಬಸ್ಸಿನಲ್ಲಿ ಏಳಲಿಲ್ಲ. ಮೇಲೆ ಹತ್ತಿ ಬಂದು, ಬಸ್ಸು ಹೊರಡಬಹುದೆಂಬ ಚೀಟಿಗೆ ಸಹಿ ಹಾಕಿ ಡ್ರೈವರನ ಜೇಬಿಗೆ ತುರುಕುತ್ತಾರೆ. ಒಂದು ಬಸ್ಸಿಗೆ ಏಳು ನಿಮಿಷ. ಏಳೂಮುಕ್ಕಾಲರ ಒಳಗೆ ಇಪ್ಪತ್ತಾರು ಬಸ್ಸು. ಎಲ್ಲವೂ ಊರು ದಾಟುತ್ತಲೇ ಹದಿನಾಲ್ಕು ತಿರುವುಗಳ ಇಳಿಜಾರಿಗೆ ಬೀಳುವಂಥವು.

ಡಿಪೋದಲ್ಲಿ ಇವರ ಹೆಸರು ಹಿಡಿದು ಕರೆಯುವವರಿಲ್ಲ. ಎಲ್ಲರಿಗೂ ಇವರು ಆಗಲ್ಲಕ್ಕ. ಬಸ್ಸಿನಲ್ಲಿ ಎಳ್ಳಷ್ಟು ಕೊರತೆ ಕಂಡರೂ "ಆಗಲ್ಲ" ಅನ್ನುವುದು, ಅಂದ ಮೇಲೆ ಜಗ್ಗದೇ ಇರುವುದು ಇವರ ರೂಢಿ. "ಮನೇಲೂ ಅಷ್ಟೇ," ಎಂದು ನಗುತ್ತಾರೆ ಅವರ ಯಜಮಾನರು. ಅವರು ದರ್ಜಿ. ಹರಿದ ಸೀಟಿನ ಕವರುಗಳಿಂದ ಹೆಂಡತಿಗೆ ಮೊಣಕಾಲಿನ ಮೆತ್ತೆ ಹೊಲಿದುಕೊಡುತ್ತಾರೆ. ನಾಲ್ಕು ತಿಂಗಳಿಗೆ ಒಂದು ಜೊತೆ ಸವೆಯುತ್ತದಂತೆ.

ಅಕ್ಕ ಡಿಪೋಗೆ ಬಂದಿದ್ದು ಬಸ್ಸು ಗುಡಿಸುವ ಕೆಲಸಕ್ಕೆ. ಆಗ ಗುಂಡಿಯಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದರು. ವರ್ಷಗಟ್ಟಲೆ ಇಂಜಿನ್ನಿನ ಪಕ್ಕ ನಿಂತು ಅವರ ಕಿವಿ ಮಂದವಾಗಿತ್ತು. "ಒಂದಿನ ಕರೆದು, ‘ಮಗಳೇ, ಗಾಳಿ ಸೋರೋ ಸದ್ದು ನನಗೆ ಕೇಳಿಸ್ತಿಲ್ಲ, ನೀನು ಕೇಳಿ ಹೇಳು. ಯಾರಿಗೂ ಹೇಳಬೇಡ’ ಅಂದ್ರು. ಪೊರಕೆ ಬದಿಗಿಟ್ಟು ಕಿವಿ ಕೊಟ್ಟೆ. ಅವರು ನಿವೃತ್ತಿ ಆಗೋ ಹೊತ್ತಿಗೆ ಅವರ ಕೆಲಸ ಪೂರ್ತಿ ನನಗೆ ಬಂದಿತ್ತು."

ಕೆಲಸ ಬಂದಿತ್ತು, ಹುದ್ದೆ ಬರಲಿಲ್ಲ. ಲಿಖಿತ ಪರೀಕ್ಷೆ ಪಾಸಾದರೂ ಎರಡು ಸಲ ಸಂದರ್ಶನದಲ್ಲಿ ಕೈಬಿಟ್ಟರು. ಹೆಂಗಸರಿಗೆ ಗುಂಡಿ ಕೆಲಸ ಆಗಲ್ಲ ಎಂದರಂತೆ. "ಆ ಪದ ನನಗೆ ಕೊಟ್ಟಿದ್ದೇ ಅವರು. ಜೋಪಾನವಾಗಿ ಇಟ್ಕೊಂಡಿದೀನಿ," ಅನ್ನುವಾಗ ಅಕ್ಕನ ಮುಖದಲ್ಲಿ ನಗುವಿಲ್ಲ. ಮೂರನೇ ಸಲ ಹುದ್ದೆ ಸಿಕ್ಕಿತು. ಹದಿನಾರು ವರ್ಷ ಪೊರಕೆ, ಆಮೇಲೆ ಹತ್ತೊಂಬತ್ತು ವರ್ಷ ಸುತ್ತಿಗೆ.

ಐದು ವರ್ಷದ ಹಿಂದಿನ ಒಂದು ಸೋಮವಾರ. ರಜೆ ಮುಗಿದು ಶಾಲೆಗಳು ತೆರೆದ ದಿನ. ಬಸ್ಸುಗಳಿಗೆ ಬರ. ಆರೂ ಹತ್ತರ ಬಸ್ಸಿನ ಹಿಂದಿನ ಎರಡೂ ಗಾಲಿಗಳಲ್ಲಿ ಬ್ರೇಕ್ ಲೈನಿಂಗು ಪೂರಾ ಸವೆದು, ಒಳಗಿನ ಕಬ್ಬಿಣವೇ ಡ್ರಮ್ಮಿಗೆ ಉಜ್ಜುತ್ತಿತ್ತು. ಅಕ್ಕ ದೂರಿನ ಪುಸ್ತಕದಲ್ಲಿ ಬರೆದು, ಸ್ಟೇರಿಂಗಿಗೆ ಕೆಂಪು ಬಟ್ಟೆ ಕಟ್ಟಿದರು. ಆಗಿನ ಮ್ಯಾನೇಜರು ಬಂದರು. "ಇವತ್ತೊಂದು ಟ್ರಿಪ್ಪು ಅಡ್ಜಸ್ಟ್ ಮಾಡಮ್ಮ. ಮಧ್ಯಾಹ್ನ ನೋಡೋಣ."

"ನಾನು ಅಡ್ಜಸ್ಟ್ ಮಾಡಬಹುದು ಸಾರ್. ಇಳಿಜಾರು ಮಾಡ್ಕೊಳಲ್ಲ," ಎಂದು ಅಕ್ಕ ಗುಂಡಿಗಿಳಿದು ಕೂತುಬಿಟ್ಟರು. ಕೆಳಗೆ ಮನುಷ್ಯರಿದ್ದಾಗ ಬಸ್ಸು ಕದಲಿಸುವಂತಿಲ್ಲ. ನಲವತ್ತು ನಿಮಿಷ ಹಾಗೇ ಕೂತರು. ಕಡೆಗೆ ಕಾವಲಿನವರು ರಟ್ಟೆ ಹಿಡಿದು ಮೇಲಕ್ಕೆಳೆದರು. ಇನ್ನೊಬ್ಬರಿಂದ ಸಹಿ ಹಾಕಿಸಿ ಬಸ್ಸು ಬಿಟ್ಟರು. ಅಕ್ಕನನ್ನು, ಪ್ರಯಾಣಿಕರು ಮರೆತುಹೋದ ಕೊಡೆ, ಚೀಲ ಕಾಯುವ ಕೋಣೆಗೆ ಹಾಕಿದರು.

ಬಸ್ಸು ಅವತ್ತು ಹೋಯಿತು, ಬಂತು. ಮಂಗಳವಾರವೂ ಹೋಗಿ ಬಂತು. "‘ನೋಡಕ್ಕ, ಬಂತಲ್ಲ’ ಅಂತ ಡಿಪೋದವರು ಕಿಟಕಿ ಹತ್ರ ಬಂದು ನಕ್ಕು ಹೋದರು. ನಾನೂ ಅಂದ್ಕೊಂಡೆ, ದೇವರೇ, ನನ್ನ ಮಾತು ಸುಳ್ಳಾಗಲಿ. ನಗಲಿ ಬಿಡು, ಸುಳ್ಳಾಗಲಿ ಅಂತ."

ಬುಧವಾರ ಒಂಬತ್ತನೇ ತಿರುವಿನಲ್ಲಿ ಬ್ರೇಕು ಕೈಕೊಟ್ಟಿತು. ಡ್ರೈವರು ಬಸ್ಸನ್ನು ಗುಡ್ಡದ ಕಡೆಯ ತಡೆಗೋಡೆಗೆ ಉಜ್ಜಿಸಿ ಉಜ್ಜಿಸಿ ನಿಲ್ಲಿಸಿದ. ನಲವತ್ತಮೂರು ಜನ ಉಳಿದರು. ಬಾಗಿಲ ಮೆಟ್ಟಿಲ ಮೇಲಿದ್ದ ಕಂಡಕ್ಟರನ ಬಲಗಾಲಿನ ಪಾದ ಗೋಡೆಗೂ ಬಸ್ಸಿಗೂ ನಡುವೆ ಸಿಕ್ಕಿ ನುಜ್ಜಾಯಿತು.

ಮರುದಿನದ ಪತ್ರಿಕೆಗಳು ಕಾಣದ ಕೈ ಕಾಪಾಡಿತು ಎಂದು ಬರೆದವು. ಯಾವುದೋ ದೇವತೆ ನಮ್ಮ ಜತೆಗಿದ್ದಳು ಎಂದು ಪ್ರಯಾಣಿಕರು ಕಣ್ಣೀರಿಟ್ಟರು. ಕಚೇರಿಯವರೂ ಅದನ್ನೇ ಹಿಡಿದುಕೊಂಡರು. ಈ ಮಾತೆತ್ತಿದರೆ ಅಕ್ಕನಿಗೆ ಇವತ್ತಿಗೂ ಸಿಟ್ಟು ನೆತ್ತಿಗೇರುತ್ತದೆ.

"ನಂಬೋರು ನಂಬಲಿ, ನಾನೂ ನಂಬ್ತೀನಿ. ಕಾಯೋರು ಒಬ್ರು ಇರಬೇಕು, ಇಲ್ದಿದ್ರೆ ಈ ರಸ್ತೇಲಿ ದಿನಾ ಇಷ್ಟು ಜನ ಮನೆ ಸೇರ್ತಿರಲಿಲ್ಲ. ಆದ್ರೆ ಆ ದೇವತೆ ಸೋಮವಾರ ಬೆಳಗ್ಗೆನೇ ಬಂದಿದ್ಲಲ್ಲ? ಕೆಂಪು ಬಟ್ಟೆ ಕಟ್ಟಿ ಹೇಳಿದ್ಲಲ್ಲ? ಅವಳ ರಟ್ಟೆ ಹಿಡಿದು ಹೊರಗೆ ಹಾಕಿದೋರು ಯಾರು? ಕಂಡಕ್ಟರ್ ಕಾಲಿಗೆ ಏನು ಹೇಳ್ತಾರೆ?"

ವಿಚಾರಣೆ ಶುರುವಾದಾಗ ದೂರಿನ ಪುಸ್ತಕದ ಆ ಹಾಳೆಯೇ ಇರಲಿಲ್ಲ. ಅಕ್ಕನ ಮುಂದೆ ಒಂದು ಕಾಗದ ಇಟ್ಟರು: ಬಸ್ಸಿನಲ್ಲಿ ದೋಷ ಕಂಡಿರಲಿಲ್ಲ. ಸಹಿ ಹಾಕಿದರೆ ನಾಳೆಯೇ ಗುಂಡಿ ಕೆಲಸ ವಾಪಸ್ಸು. ಅಕ್ಕ ಕಾಗದವನ್ನು ಹಿಂದಕ್ಕೆ ತಳ್ಳಿದರು. ಹನ್ನೊಂದು ತಿಂಗಳು ಕೊಡೆ ಕಾದರು. ಮನೆಗೆ ಬಂದು ಬುದ್ಧಿ ಹೇಳಿದವರೂ ಇದ್ದರು. ಯಜಮಾನರು ಅವರನ್ನು ಬಾಗಿಲಿಂದಲೇ ಸಾಗಹಾಕಿದರು. "ಅವಳು ಆ ಸಹಿ ಹಾಕಿದ್ದಿದ್ರೆ ನಾನೇ ಮಾತು ಬಿಡ್ತಿದ್ದೆ," ಅನ್ನುತ್ತಾರೆ, ಹೊಲಿಗೆ ಯಂತ್ರದಿಂದ ತಲೆ ಎತ್ತದೆ.

ಕೊನೆಗೆ ಊರುಗೋಲು ಹಿಡಿದು ಕಂಡಕ್ಟರೇ ವಿಚಾರಣೆಗೆ ಬಂದ. ಕೆಂಪು ಬಟ್ಟೆ, ಗುಂಡಿಯಲ್ಲಿ ಕೂತ ಅಕ್ಕ, ಕಂಡದ್ದನ್ನೆಲ್ಲ ಹೇಳಿದ. ಅವನ ಹಿಂದೆ ಡ್ರೈವರು ಎದ್ದು ನಿಂತ. "ಆ ಬಟ್ಟೆ ಬಿಚ್ಚಿದ್ದು ನಾನೇ. ಬಾಯಿ ಮುಚ್ಕೊಂಡು ಓಡಿಸಿದೆ. ಅದು ನನ್ನ ತಪ್ಪು." ಮ್ಯಾನೇಜರನ್ನು ಕೆಲಸದಿಂದ ತೆಗೆದರು. ಅಕ್ಕ ಗುಂಡಿಗೆ ಮರಳಿದರು. ಅವರ ಚೀಟಿ ಇಲ್ಲದೆ ಗೇಟು ತೆರೆಯಬಾರದೆಂಬ ನಿಯಮ ಬಂತು. ಗೇಟಿನ ಬಳಿ ಚೀಟಿ ನೋಡುವ ಕುರ್ಚಿಯಲ್ಲಿ ಈಗ ಕೂರುವುದು ಅದೇ ಕಂಡಕ್ಟರು, ಕೃತಕ ಪಾದ ಹಾಕಿಕೊಂಡು. "ನಾನು ಬಿಡಲ್ಲ. ಮೇಲಿನ ಸಾಹೇಬ್ರು ಬಂದು ನಿಂತ್ರೂ ಬಿಡಲ್ಲ," ಅನ್ನುತ್ತಾನೆ.

ಇದನ್ನು ಬರೆಯಲು ನಾನು ಡಿಪೋಗೆ ಹೋಗಿದ್ದ ಬೆಳಗ್ಗೆಯೇ ಒಂಬತ್ತನೆಯ ಬಸ್ಸಿಗೆ ಗುಳ್ಳೆ ಎದ್ದಿತು. ಅಕ್ಕ "ಆಗಲ್ಲ" ಅಂದರು. ಹೊಸ ಮ್ಯಾನೇಜರು ಗಡಿಯಾರ ನೋಡಿದರು, ನಿಟ್ಟುಸಿರುಬಿಟ್ಟರು, ಬದಲಿ ಬಸ್ಸಿಗೆ ಹೇಳಿಕಳಿಸಿದರು. ಡಿಪೋ ಬಾಗಿಲಲ್ಲೇ ಬಸ್ಸು ಹತ್ತಲು ಬಂದಿದ್ದ ಒಬ್ಬರು ಹರಿಹಾಯ್ದರು: "ನಿಮ್ಮಿಂದ ನನ್ನ ಅರ್ಧ ದಿನ ಹಾಳಾಯ್ತಲ್ರೀ."

"ಬೈಯ್ರಿ," ಅಂದರು ಅಕ್ಕ, ಕೈಯ ಎಣ್ಣೆ ಒರೆಸಿಕೊಳ್ಳುತ್ತ. "ಸಂಜೆ ವಾಪಸ್ ಬಂದು ಇನ್ನೊಂದ್ಸಲ ಬೈಯ್ರಿ. ಬರಬೇಕು ನೀವು, ಅಷ್ಟೇ."

ನಿವೃತ್ತಿಗೆ ಇನ್ನು ಮೂರು ವರ್ಷ. ಕೆಲಸ ಕಲಿಯಲು ಇಬ್ಬರನ್ನು ಕೊಡಿ ಎಂದು ಅಕ್ಕ ನಾಲ್ಕು ಅರ್ಜಿ ಬರೆದಿದ್ದಾರೆ. ಉತ್ತರ ಬಂದಿಲ್ಲ. ಐದನೆಯದು ಬರೆಯುತ್ತಿದ್ದಾರೆ. ಅದು ಬಿಟ್ಟು ನಿಮಗಾಗಿ ಏನಾದರೂ ಆಸೆ ಇದೆಯೇ ಎಂದು ಕೇಳಿದೆ.

"ಇಳಿಜಾರಲ್ಲಿ ಜನ ಬಾಯಿ ತೆಕ್ಕೊಂಡು ನಿದ್ದೆ ಮಾಡ್ತಾರೆ, ನೋಡಿದೀರಾ? ಕಿಟಕಿಗೆ ತಲೆ ಕೊಟ್ಟು, ಮಗೂನ ಮಡಿಲಲ್ಲಿ ಹಾಕ್ಕೊಂಡು. ನನಗೆ ಇವತ್ತಿನವರೆಗೂ ಆ ನಿದ್ದೆ ಬಂದಿಲ್ಲ. ಬಸ್ಸು ಹತ್ತಿದ್ರೆ ಕಿವಿ ಗಾಲೀಲೇ ಇರುತ್ತೆ. ಕೆಲಸ ಬಿಟ್ಟ ಮಾರನೇ ದಿನ ಮೊದಲ ಬಸ್ಸಿಗೆ ಹತ್ತಿ, ಕಿಟಕಿ ಪಕ್ಕ ಕೂತು, ಹದಿನಾಲ್ಕು ತಿರುವೂ ನಿದ್ದೆ ಮಾಡಬೇಕು. ಕೆಳಗೆ ತಲುಪಿದ ಮೇಲೆ ಯಾರಾದ್ರೂ ಭುಜ ಅಲ್ಲಾಡಿಸಿ ಎಬ್ಬಿಸಿದ್ರೆ ಸಾಕು."