ಚಿತ್ರ ತೆಗೆದವನ ಚಪ್ಪಲಿ

ಏಣಿಯ ಮೆಟ್ಟಿಲು ಮುರಿಯಬಹುದಿತ್ತು. ಮುರಿಯದಿದ್ದರೂ ನನ್ನ ಸೊಂಟ ಅರ್ಧದಲ್ಲಿ ಹಿಡಿದುಕೊಂಡು, ಮೇಲೂ ಹೋಗಲಾರದೆ ಕೆಳಗೂ ಇಳಿಯಲಾರದೆ ನಾನಲ್ಲೇ ನಿಂತುಬಿಡಬಹುದಿತ್ತು. ಅಟ್ಟದ ದಬ್ಬೆ ಕುಸಿದು, ತಿಂಗಳುಗಟ್ಟಲೆ ಒಣಗಿದ ತೆಂಗಿನಕಾಯಿಗಳೆಲ್ಲ ನನ್ನ ತಲೆಯ ಮೇಲೆ ಉರುಳಬಹುದಿತ್ತು. ಆ ಸುದ್ದಿಯ ಫೋಟೋ ತೆಗೆಯಲು ಮಾತ್ರ ಯಾರೂ ಇರುತ್ತಿರಲಿಲ್ಲ. ತೋಟದ ನಾಯಿ ಕಚ್ಚಬಹುದಿತ್ತು. ಕ್ಯಾಮೆರಾ ಕೈ ಕೊಡಬಹುದಿತ್ತು. ಫೋಟೋ ಅಚ್ಚಾದ ದಿನವೇ ಕೊಬ್ಬರಿ ದರ ಬಿದ್ದು, ಇದರಿಂದಲೇ ಬಿತ್ತೆಂದು ಇಡೀ ದಬ್ಬೇಘಟ್ಟ ಹೋಬಳಿ ನನಗೆ ಶಾಪ ಹಾಕಬಹುದಿತ್ತು. ಹಿಂದಿನ ದಿನ ಇಷ್ಟನ್ನೂ ಹೆಂಡತಿಗೆ ಒಪ್ಪಿಸಿದಾಗ ಅವಳು, "ಹಂಗಾದ್ರೆ ಹೋಗೋದೇ ಬ್ಯಾಡ ಬುಡಿ" ಎಂದಳು. ಹೋಗದಿದ್ದರೆ ಏನೇನಾದೀತೆಂದು ಯೋಚಿಸಿದೆ. ಅದು ಇನ್ನೂ ಉದ್ದವಿತ್ತು. ಹಾಗಾಗಿ ಹೋದೆ.

ಹೆದರಿದ್ದರಲ್ಲಿ ಒಂದೂ ಆಗಲಿಲ್ಲ. ಕೆಟ್ಟದ್ದೊಂದು ಆಯಿತು, ಆದರೆ ತೀರಾ ಸಣ್ಣದು. ಅದನ್ನು ಹೇಳುವ ಮುಂಚೆ ಸ್ವಲ್ಪ ಸಿಟ್ಟು ಮಾಡಿಕೊಳ್ಳಲು ಅಪ್ಪಣೆ ಕೊಡಿ.

ನಾನು ತುರುವೇಕೆರೆಯಲ್ಲಿದ್ದುಕೊಂಡು ಒಂದು ದಿನಪತ್ರಿಕೆಗೆ ಫೋಟೋ ತೆಗೆಯುವವನು. ನೋಡಿ, ನಾನು ಏನೆಂದು ಹೇಳಲು ಒಂದು ಪದ ಸಿಗದೆ ವಾಕ್ಯವನ್ನೇ ಬರೆಯಬೇಕಾಯಿತು. ಬರೆಯುವವರಿಗೆ ಈ ಪಾಡಿಲ್ಲ. ಪತ್ರಕರ್ತ, ವರದಿಗಾರ, ವಿಶೇಷ ಪ್ರತಿನಿಧಿ, ಅಂಕಣಕಾರ ಎಂದು ಬೇಕಾದ್ದನ್ನು ಆರಿಸಿಕೊಳ್ಳಬಹುದು. ಹಳ್ಳಿಯಿಂದ ಆಗೊಮ್ಮೆ ಈಗೊಮ್ಮೆ ಎರಡು ಸಾಲು ಕಳಿಸುವವನನ್ನೂ ಬಿಡಿ ಸುದ್ದಿಗಾರ ಎನ್ನುತ್ತಾರೆ. ಟೀವಿಯಲ್ಲಿ ನಿಂತು ಕೂಗುವವನು ಪ್ರತಿನಿಧಿ, ಕೂತು ಕೂಗುವವಳು ನಿರೂಪಕಿ. ನನ್ನ ಪಾಲಿಗೆ ಉಳಿದದ್ದು ಛಾಯಾಗ್ರಾಹಕ. ಛಾಯೆ ಎಂದರೆ ನೆರಳು, ಗ್ರಾಹಕ ಎಂದರೆ ಹಿಡಿಯುವವನು. ಗ್ರಹಣದ ದಿನ ರಾಹುವಿಗೆ ಒಪ್ಪುವ ಬಿರುದು. ಹೋಗಲಿ, ಅದಾದರೂ ನನ್ನೊಬ್ಬನದೇ? ಮದುವೆಮನೆಯಲ್ಲಿ ಹುಡುಗಿಯ ಗಲ್ಲ ತಿರುಗಿಸುವವನೂ ಛಾಯಾಗ್ರಾಹಕ, ಸ್ಟುಡಿಯೋದ ಸ್ಟೂಲಿನ ಮೇಲೆ ಕೂರಿಸಿ "ಗದ್ದ ಮೇಲೆ" ಎನ್ನುವವನೂ ಛಾಯಾಗ್ರಾಹಕ. ಅವರ ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ಅವರನ್ನು ಕೂರಿಸಿ ಊಟ ಹಾಕುತ್ತಾರೆ. ಲಾಠಿ ಏಟು ತಿನ್ನುವುದು ನಾನು. ಸನ್ಮಾನದ ಶಾಲು ಹೊದಿಸುವಾಗ ಮಾತ್ರ 'ಛಾಯಾಪತ್ರಕರ್ತರು' ಎಂದು ಕರೆಯುತ್ತಾರೆ. ಅಸಲಿ ಪತ್ರಕರ್ತರು ಎಲ್ಲೋ ಮುಂದೆ ಹೋಗುತ್ತಿದ್ದಾರೆ, ನಾನು ಅವರ ಹಿಂದೆ ಬಿದ್ದ ನೆರಳು ಎಂದೇ ಪ್ರತಿಸಲವೂ ಅನ್ನಿಸುತ್ತದೆ.

ಇದೆಲ್ಲ ಪದಗಳಿಗೆ ಬರ ಬಂದ ಸೀಮೆಯಲ್ಲಾದರೆ ಸುಮ್ಮನಿರುತ್ತಿದ್ದೆ. ನಮ್ಮಲ್ಲಿ ತೆಂಗಿನ ಒಂದೇ ಕಾಯಿ ಮೊದಲು ಹರಳು, ಆಮೇಲೆ ಎಳನೀರು, ಬಲಿತರೆ ಕಾಯಿ, ಒಣಗಿದರೆ ಕೊಬ್ಬರಿ, ಹೋಳಾದರೆ ಗಿಟುಕು. ಕೆಟ್ಟುಹೋದರೆ ಕೌಟು. ಕೆಟ್ಟ ಕೊಬ್ಬರಿಗೂ ಸ್ವಂತದ್ದೊಂದು ಹೆಸರು ಕೊಟ್ಟ ಜನ ನನ್ನನ್ನು "ಫೋಟೋದೋನು" ಎಂದು ಬಿಟ್ಟುಬಿಟ್ಟಿದ್ದಾರೆ.

ಆದ್ದರಿಂದಲೇ, ಪತ್ರಿಕೆಯ ಕಚೇರಿಯಿಂದ ಫೋನ್ ಬಂದು "ಕೊಬ್ಬರಿ ಅಟ್ಟದ ಒಳ್ಳೆ ಫೋಟೋ ಬೇಕು, ಮುಖಪುಟಕ್ಕೆ. ನಿಮ್ಮ ಹೆಸರು ಹಾಕ್ತೀವಿ" ಎಂದಾಗ ತಕ್ಷಣ ಹೂಂ ಎಂದೆ. ಇಷ್ಟು ವರ್ಷದಲ್ಲಿ ಮುಖಪುಟದ ಯಾವ ಚಿತ್ರದ ಕೆಳಗೂ ನನ್ನ ಹೆಸರು ಬಂದಿರಲಿಲ್ಲ. ಪದವಂತೂ ಇಲ್ಲ, ಹೆಸರಾದರೂ ಬರಲಿ ಎಂದುಕೊಂಡೆ. ವರದಿ ಬರೆಯುವವನು ತಿಪಟೂರಿನ ಗೆಳೆಯ ಶಿವಣ್ಣ. ಅವನು ಫೋನಿನಲ್ಲೇ ನಾಲ್ಕು ಜನರನ್ನು ವಿಚಾರಿಸಿ ಮುಗಿಸಿದ್ದ. ಏಣಿ ಹತ್ತುವುದು ನನ್ನ ಪಾಲಿಗೆ ಬಂತು.

ದಬ್ಬೇಘಟ್ಟದ ಆಚೆ ಗೌರಮ್ಮ ಎಂಬವರ ತೋಟ. ತೋಟದಲ್ಲೇ ಕೊಬ್ಬರಿ ಶೆಡ್ಡು, ಅದರೊಳಗೆ ಅಟ್ಟ, ಅಟ್ಟದ ತುಂಬ ಕಾಯಿ. ಹಿರಿಯಾಕೆ ಗೌರಮ್ಮನವರೇ ಬಾಗಿಲಲ್ಲಿ ತಡೆದರು.

"ಯಾರಪ್ಪ ನೀನು?"

"ಪೇಪರ್‌ನೋನು ಕಣವ್ವ."

ನನ್ನ ಕೈಗಳನ್ನು ನೋಡಿದರು. "ಪೇಪರ್‌ನೋರು ಬರ್ಕಂಡು ಹೋಯ್ತಾರೆ. ನಿನ್ ಕೈಲಿ ಪೆನ್ನೇ ಇಲ್ವಲ್ಲ."

"ನಾನು ಫೋಟೋ ತೆಗೆಯೋನು."

"ಇಲ್ಯಾರ್ ಮದುವೆ ಐತಪ್ಪ?"

"ಪೇಪರ್‌ಗೆ ಫೋಟೋ ತೆಗೆಯೋನು ಕಣವ್ವ, ಮದುವೆಗಲ್ಲ."

ಅವರು ಬಾಗಿಲಿಗೆ ಅಡ್ಡ ಕೈ ಇಟ್ಟರು. "ಹಂಗಾದ್ರೆ ಬ್ಯಾಡ. ಮದುವೆ ಫೋಟೋ ಮನೆಯೋರು ನೋಡ್ತಾರೆ. ಪೇಪರ್‌ನಾಗೆ ಬಂದ್ರೆ ಲೋಕವೇ ನೋಡ್ತದೆ. ಅಷ್ಟು ಜನದ ಕಣ್ಣು ಬಿದ್ರೆ ಅಟ್ಟದ ಕಾಯೆಲ್ಲ ಕೌಟಾಯ್ತವೆ ಕಣಪ್ಪ."

ನ್ಯಾಯವಾಗಿ ಹೇಳಬೇಕೆಂದರೆ, ಇಡೀ ತಾಲ್ಲೂಕಿನಲ್ಲಿ ನನಗೂ ಮದುವೆ ಫೋಟೋದವನಿಗೂ ಇರುವ ವ್ಯತ್ಯಾಸವನ್ನು ಸರಿಯಾಗಿ ಹಿಡಿದವರು ಇವರೊಬ್ಬರೇ. ಹಿಡಿದದ್ದರಿಂದಲೇ ನನ್ನನ್ನು ಒಳಗೆ ಬಿಡಲಿಲ್ಲ. ತುಂಬಿದ ಅಟ್ಟವನ್ನು ಹೊರಗಿನವರಿಗೆ ತೋರಿಸುವ ರೂಢಿ ನಮ್ಮ ಕಡೆ ಇಲ್ಲವೆಂಬುದು ನನಗೂ ಗೊತ್ತು. ಆದರೂ ಹೆಸರಿನ ಆಸೆ ಕೇಳಬೇಕಲ್ಲ. ಮುಖಪುಟ ಎಂದೆ, ಮೊದಲ ಸಲ ಎಂದೆ, ಸ್ವಲ್ಪ ಗೋಗರೆದೆ.

ಗೌರಮ್ಮನ ದೃಷ್ಟಿ ನಾನು ಬಾಗಿಲ ಹೊರಗೆ ಬಿಟ್ಟಿದ್ದ ಚಪ್ಪಲಿಗಳ ಮೇಲೆ ಹೋಯಿತು. ಎಡಗಾಲಿನದು ಹೊಲಿಗೆ ಮೇಲೆ ಹೊಲಿಗೆ ಬಿದ್ದು ತನ್ನ ಮೂಲ ಆಕಾರವನ್ನೇ ಮರೆತಿತ್ತು. ಅದನ್ನೆತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದ್ನ ಅಟ್ಟದ ಮುಂದ್ಲ ಕಂಬಕ್ಕೆ ಕಟ್ಟು. ಫೋಟೋದಾಗೆ ಇದು ಕಾಣ್ಬೇಕು. ಜನ ಮೊದ್ಲು ಇದ್ನ ನೋಡ್ಲಿ, ಅವ್ರ ಕಣ್ಣು ಇಲ್ಲೇ ಸವೀಲಿ."

"ಬೇರೆ ಯಾವುದಾದ್ರೂ ಹಳೇ ಚಪ್ಪಲಿ ಇದ್ರೆ..."

"ಇದ್ಕಿಂತ ಹಳೇದು ನಮ್ಮನ್ಯಾಗಿಲ್ಲ ಬುಡು."

ಕಟ್ಟಿದೆ. ಏಣಿ ಹತ್ತಿದೆ. ಹೆಂಚಿನ ಸಂದಿನಿಂದ ಬಿಸಿಲುಕೋಲೊಂದು ಇಳಿದು ಕಾಯಿರಾಶಿಯ ಮೇಲೆ ಬಿದ್ದಿತ್ತು. ಅಂಥ ಚಿತ್ರ ನಾನು ಹಿಂದೆ ತೆಗೆದಿರಲಿಲ್ಲ. ಪೇಪರ್ ಬರುವವರೆಗೆ ಚಪ್ಪಲಿ ಕಂಬದಲ್ಲೇ ಇರಲಿ ಎಂದು ಗೌರಮ್ಮ ಅದನ್ನು ಬಿಚ್ಚಲು ಬಿಡಲಿಲ್ಲ.

ಎರಡನೆಯ ದಿನ ಮುಖಪುಟದಲ್ಲಿ ಬಂತು. ಬಿಸಿಲುಕೋಲು ಇತ್ತು, ಕಾಯಿ ಇದ್ದವು, ಚಪ್ಪಲಿ ಅದರ ಪ್ರತಿ ಹೊಲಿಗೆಯೊಂದಿಗೆ ಇತ್ತು. ವರದಿಯ ಮೇಲೆ ಶಿವಣ್ಣನ ಹೆಸರು. ಚಿತ್ರದ ಕೆಳಗೆ ಸಣ್ಣಕ್ಷರದಲ್ಲಿ 'ಚಿತ್ರ: ವರದಿಗಾರ'. ಏಣಿಯನ್ನು ಕಣ್ಣಿಂದಲೂ ನೋಡದವನಿಗೆ ಎರಡು ಸಲ ಪಟ್ಟ. ಕೂಡಲೇ ಅವನಿಗೆ ಫೋನ್ ಮಾಡಿದೆ.

"ಅಲ್ಲಿ ಕೂತೋರು ಹಾಕಿರೋದು ಕಣ್ಲಾ, ನಾನೇನ್ ಮಾಡ್ಲಿ" ಎಂದ. "ಪೇಪರ್‌ನೋರು ಅಂದ್ಮೇಲೆ ಇಬ್ರೂ ಒಂದೇ ಅಲ್ವೇನ್ಲಾ?"

ಒಂದೇ ಅಂತೆ. ಹಾಗಿದ್ದರೆ ಒಂದು ಸಲ ನನ್ನ ಹೆಸರನ್ನು ಅವನ ವರದಿಯ ಮೇಲೆ ಹಾಕಲಿ, ನೋಡೋಣ. ಈ ಮಾತು ಫೋನ್ ಇಟ್ಟ ಮೇಲೆ ಹೊಳೆಯಿತು.

ಬಸ್ ಸ್ಟ್ಯಾಂಡಿನ ಟೀ ಅಂಗಡಿಯವನು ಪೇಪರ್ ಮಡಿಸುತ್ತಾ, "ಇದು ನಿಮ್ಮ ಚಪ್ಪಲಿ ಅಲ್ವಾ ಸಾ?" ಎಂದ. ಅದಕ್ಕೆ ಹೊಲಿಗೆ ಹಾಕಿದ್ದ ಪಕ್ಕದ ಚಪ್ಪಲಿ ರಿಪೇರಿಯವನು ತನ್ನ ಅಂಗಡಿಯಿಂದ ಎದ್ದುಬಂದು ತನ್ನ ಹೊಲಿಗೆಯನ್ನು ಎಲ್ಲರಿಗೂ ತೋರಿಸಿದ. ನನ್ನ ಹೆಸರೆಲ್ಲಿ ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಕೇಳಿದವರು ಗೌರಮ್ಮ. ಸಂಜೆ ಅವರೇ ಫೋನ್ ಮಾಡಿದರು. "ನಿನ್ ಹೆಸ್ರು ಎಲ್ಲೈತೆ ಓದು ಅಂದೆ ನಮ್ ಸೊಸೆಗೆ. ಹುಡುಕಿ ಹುಡುಕಿ ಇಲ್ಲ ಅಂದ್ಲು. ಯಾಕಪ್ಪ?"

"ಮರ್ತಿರ್ಬೇಕು ಕಣವ್ವ" ಎಂದೆ.

"ಹೋಗ್ಲಿ ಬುಡು. ಇದ್ದಿದ್ರೆ ಅದಕ್ಕೂ ಕಣ್ಣು ಬೀಳ್ತಿತ್ತು." ಮತ್ತೆ, "ಚಪ್ಪಲಿ ಮಾತ್ರ ಈಗ್ಲೇ ಕೇಳ್ಬ್ಯಾಡ. ಜನ ಇನ್ನೂ ನೋಡ್ತಾವ್ರೆ. ಕಾಯಿ ಇಳಿಸೋಗಂಟ ಅಲ್ಲೇ ಇರ್ಲಿ" ಎಂದರು.

ಹೆಸರಿನ ಸಿಟ್ಟು ಇನ್ನೂ ಇಳಿದಿಲ್ಲ. ಅದನ್ನು ಸಣ್ಣದೆಂದು ಒಪ್ಪುವುದೂ ಇಲ್ಲ. ಆದರೆ ಇಡೀ ಊರಿನಲ್ಲಿ ಒಬ್ಬರು ಆ ಚಿತ್ರದ ಕೆಳಗೆ ನನ್ನನ್ನು ಹುಡುಕಿದರು. ಮೊದಲೇ ಹೇಳಿದ ಆ ಸಣ್ಣ ಕೆಡುಕು ಇಷ್ಟೇ: ಅಷ್ಟೆಲ್ಲ ಹೆದರಿ ಹೋದವನು ಕೊನೆಗೆ ಕಳೆದುಕೊಂಡದ್ದು ಎಡಗಾಲಿನ ಚಪ್ಪಲಿಯೊಂದನ್ನು. ಬಲಗಾಲಿನದನ್ನು ಜೋಪಾನವಾಗಿ ಇಟ್ಟಿದ್ದೇನೆ.